ಅಪ್ಪನ ಕಣ್ಣಿಗೆ ಕಾಣುವ ಕಲ್ಲು

ಕಲ್ಲಿನ ಅಂಗಡಿಯವನು ತರಹೇವಾರಿ ಗಿರಾಕಿಗಳನ್ನು ಕಂಡವನು. ಚಪ್ಪಡಿಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು ಕೇಳುವವರು, ಒಂದೇ ಕಲ್ಲಿನ ಮುಂದೆ ಅರ್ಧ ದಿನ ನಿಂತು ಕೊನೆಗೆ "ನಾಳೆ ಬರ್ತೀವಿ" ಎಂದು ಜಾಗ ಖಾಲಿ ಮಾಡುವವರು, ಕಲ್ಲಿನ ಬಣ್ಣಕ್ಕೆ ಶುರುವಾದ ಜಗಳವನ್ನು ಹೆಂಡತಿಯ ತವರಿನ ತನಕ ಎಳೆಯುವ ಗಂಡಂದಿರು, ಎಲ್ಲರೂ ಅವನ ಕಣ್ಣ ಮುಂದೆಯೇ ಬಂದು ಹೋಗಿದ್ದರು. ಆದರೆ ಕನ್ನಡಕದ ಗಾಜಿಗೆ ದಪ್ಪಗೆ ವ್ಯಾಸಲೀನ್ ಬಳಿದುಕೊಂಡು ಕಲ್ಲು ಆರಿಸಲು ಬಂದ ಹುಡುಗಿಯನ್ನು ಅವನು ನೋಡಿದ್ದು ಇದೇ ಮೊದಲು.

"ಏನಮ್ಮಾ, ಕಣ್ಣಿಗೇನಾಯ್ತು?"

"ನನ್ನ ಕಣ್ಣಿಗೇನೂ ಆಗಿಲ್ಲ ಅಣ್ಣಾ. ಇದು ನಮ್ಮಪ್ಪನ ಕಣ್ಣು. ಸ್ವಲ್ಪ ಹೊತ್ತಿಗೆ ಹಾಕ್ಕೊಂಡಿದೀನಿ," ಎಂದು ಅವಳು ಎರಡೂ ಕೈ ಮುಂದೆ ಚಾಚಿ ನಡೆದು, ಕಲ್ಲಿನ ಬದಲು ಅವನ ಹೊಟ್ಟೆಯನ್ನೇ ಮುಟ್ಟಿ ನೋಡಿದಳು.

"ಅದು ಕಲ್ಲಲ್ಲಮ್ಮಾ."

"ಗೊತ್ತಾಯ್ತು. ಮೆತ್ತಗಿದೆ."

ಮನೆಯಲ್ಲಿ ಅವಳಿಗೆ ಗಡಿಬಿಡಿ ಎಂದೇ ಹೆಸರು. ಹುಟ್ಟುವಾಗ ಡಾಕ್ಟರಿಗೆ ಕೈಗವಸು ಹಾಕಿಕೊಳ್ಳುವಷ್ಟೂ ಪುರುಸೊತ್ತು ಕೊಡಲಿಲ್ಲ ಎಂದು ಅತ್ತೆ ಈಗಲೂ ಹೇಳುತ್ತಾಳೆ. ಕಾಲೇಜಿಗೆ ಹೊರಟರೆ ಒಂದು ಕಾಲಿಗೆ ಒಂದು ಬಣ್ಣದ ಚಪ್ಪಲಿ, ಇನ್ನೊಂದಕ್ಕೆ ಇನ್ನೊಂದು. ಆದರೆ ಈ ಕಲ್ಲಿನ ವಿಷಯಕ್ಕೆ ಮಾತ್ರ ಅವಳು ಮೂರು ಅಂಗಡಿ ಸುತ್ತಿ ಬಂದಿದ್ದಳು. ಯಾಕೆಂದರೆ ಅಪ್ಪನಿಗೆ ಮಾತು ಕೊಟ್ಟಿದ್ದಳು.

ಅಪ್ಪ ಬಸ್ ಓಡಿಸುತ್ತಿದ್ದವನು. ಊರಿನ ಈ ತುದಿಯಿಂದ ಆ ತುದಿಗೆ ಕಣ್ಣು ಮುಚ್ಚಿಕೊಂಡು ಹೋಗಬಲ್ಲೆ ಎಂದು ಜಂಬ ಕೊಚ್ಚುತ್ತಿದ್ದವನ ಕಣ್ಣಿಗೇ ಒಳಗಿನಿಂದ ಮಂಜು ಕವಿಯಿತು. "ಇನ್ನು ಹೆಚ್ಚಾಗಲ್ಲ. ಆದ್ರೆ ಹೋಗಿದ್ದು ವಾಪಸ್ ಬರಲ್ಲ," ಎಂದು ಕಣ್ಣಿನ ಡಾಕ್ಟರು ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಈಗ ಅವನಿಗೆ ಬೆಳಗಿದ್ದು ಬೆಳ್ಳಗೆ, ಕಪ್ಪಾಗಿದ್ದು ಕಪ್ಪಗೆ ಕಾಣುತ್ತದೆ. ನಡುವಿನದೆಲ್ಲ ಕಲಸಿಟ್ಟ ಹಿಟ್ಟು. ಮನೆಯ ಹಿಂದಿನ ಅಂಗಳದ ನೆಲವೋ, ಹಳೆಯ ಸಿಮೆಂಟಿನದು. ಬೂದು ಬಣ್ಣ, ಅಲ್ಲಲ್ಲಿ ಪಾಚಿ. ಬಾಗಿಲಿನ ಮೆಟ್ಟಿಲೂ ಬೂದು, ಕೆಳಗಿನ ನೆಲವೂ ಬೂದು. ಒಂದು ಸಂಜೆ ಮೆಟ್ಟಿಲು ಮುಗಿಯಿತು ಎಂದುಕೊಂಡು ಕಾಲಿಟ್ಟ, ಮುಗಿದಿರಲಿಲ್ಲ. ಒದ್ದೆ ನೆಲದ ಮೇಲೆ ಬಿದ್ದವನು ಬಹಳ ದಿನ ಹಾಸಿಗೆ ಹಿಡಿದ. ಮೂಳೆ ಕೂಡಿಕೊಂಡಿತು, ಧೈರ್ಯ ಕೂಡಿಕೊಳ್ಳಲಿಲ್ಲ.

ಅದಾದ ಮೇಲೆ ಅಪ್ಪ ಅಂಗಳಕ್ಕೆ ಹೋಗಿಲ್ಲ. ಯಾರಾದರೂ ಕೈ ಹಿಡಿದರೆ ಹೋಗಬಹುದಿತ್ತು. ಆದರೆ ಬಸ್ಸಿನ ತುಂಬ ಜನರನ್ನು ಕೂರಿಸಿಕೊಂಡು ಊರೂರು ತಿರುಗಿದವನಿಗೆ, ಸ್ವಂತ ಮನೆಯ ಬಾಗಿಲಿಂದ ಗೋಡೆಯ ತನಕ ಹೋಗಲು ಇನ್ನೊಬ್ಬರ ಕೈ ಬೇಕು ಎಂದರೆ ಗಂಟಲಲ್ಲಿ ಇಳಿಯುವ ಮಾತೇ? ಅಡುಗೆಮನೆಯ ಪಕ್ಕದ ಕುರ್ಚಿ ಹಿಡಿದು ಕೂತ. ಕೂತವನು ಕೂತೇ ಇದ್ದ.

"ನೀನೊಬ್ಬನೇ ಹೋಗಿ, ನೀನೊಬ್ಬನೇ ವಾಪಸ್ ಬರೋ ಹಾಗೆ ಮಾಡ್ತೀನಿ. ನೋಡ್ತಿರು," ಎಂದು ಗಡಿಬಿಡಿ ಹೇಳಿದ್ದಳು.

"ನೋಡೋದನ್ನ ಬಿಟ್ಟು ಬೇರೆ ಏನಾದ್ರೂ ಹೇಳು," ಎಂದಿದ್ದ ಅಪ್ಪ.

ಹಾಗಾಗಿ ಈ ವ್ಯಾಸಲೀನ್ ಕನ್ನಡಕ.

ಅಂಗಡಿಯವನು ಮೊದಲು ತೋರಿಸಿದ್ದು ಪಾಲಿಶ್ ಹಾಕಿದ ಅಚ್ಚ ಬಿಳಿ ಕಲ್ಲು. ಬಿಸಿಲಿಗೆ ಹಿಡಿದರೆ ಇಡೀ ಚಪ್ಪಡಿ ಉರಿಯಿತು. ಎಲ್ಲಿ ಶುರು, ಎಲ್ಲಿ ಕೊನೆ ತಿಳಿಯಲಿಲ್ಲ. "ಇದು ಕಲ್ಲಲ್ಲ ಅಣ್ಣಾ, ಟಾರ್ಚು," ಎಂದು ಪಕ್ಕಕ್ಕೆ ಸರಿಸಿದಳು. ಮುಂದಿನದು ಹಳದಿ ಛಾಯೆಯ ಮರಳುಗಲ್ಲು. ಚೆಂದವಿತ್ತು, ಆದರೆ ಉದ್ದಕ್ಕೂ ಕಂದು ಗೆರೆ. ಕನ್ನಡಕದ ಒಳಗಿನಿಂದ ಆ ಗೆರೆಗಳು ಯಾರೋ ಬಿಟ್ಟುಹೋದ ಕೋಲುಗಳ ಹಾಗೆ ಕಂಡವು. ದಾಟಲು ಅವಳೇ ಕಾಲೆತ್ತಿದಳು. ಮೂರನೆಯದು ಕೆನೆ ಬಣ್ಣದ ಸುಣ್ಣಕಲ್ಲು. ಹೊಳಪಿಲ್ಲ, ಗೆರೆಯಿಲ್ಲ, ಕೈಯಾಡಿಸಿದರೆ ಹೊಸ ಒರೆಸುಬಟ್ಟೆಯ ಹಾಗೆ ಸಣ್ಣಗೆ ತರಿತರಿ. ಬ್ಯಾಗಿನಿಂದ ಬಾಟಲಿ ತೆಗೆದು ಅದರ ಮೇಲೆ ನೀರು ಸುರಿದೇಬಿಟ್ಟಳು.

"ಅಯ್ಯಯ್ಯೋ, ಅಂಗಡಿ ತೊಳೀತಿದೀಯಾ?"

"ಒಣಗಿದಾಗ ಎಲ್ಲ ಕಲ್ಲೂ ಬೆಳ್ಳಗೇ ಇರುತ್ತೆ. ನಮ್ಮಪ್ಪ ಬಿದ್ದಿದ್ದು ಒದ್ದೆಯಲ್ಲಿ."

ನೀರು ಬಿದ್ದ ಕಲ್ಲು ಹಾಲಿಗೆ ಒಂದು ಹನಿ ಟೀ ಬಿದ್ದಷ್ಟು ಬಣ್ಣ ತಿರುಗಿತು, ಅಷ್ಟೇ. ಪಕ್ಕದ ಬೂದು ಚಪ್ಪಡಿಯ ಮುಂದೆ ಇದು ದೀಪದ ಹಾಗೆ ಕಾಣುತ್ತಿತ್ತು, ಆದರೆ ಕಣ್ಣು ಚುಚ್ಚುತ್ತಿರಲಿಲ್ಲ. ಗಡಿಬಿಡಿ ಅಲ್ಲೇ ಒಂದು ಸುತ್ತು ಕುಣಿದಳು.

"ನೋಡಮ್ಮಾ, ಇದು ಮೃದು ಕಲ್ಲು," ಅಂಗಡಿಯವನು ಶುರುಮಾಡಿದ. "ಎಣ್ಣೆ, ಟೀ ಬಿದ್ರೆ ಕುಡಿದುಬಿಡುತ್ತೆ. ಪೂರ್ತಿ ಒಣಗಿದ ಮೇಲೆ, ಹೀರದ ಹಾಗೆ ತಡೆಯೋ ಸೀಲರ್ ಬಳೀಬೇಕು. ಆಮೇಲೆ ಗುಡಿಸೋದು, ಸಾದಾ ಸೋಪಿನ ನೀರಲ್ಲಿ ಒರೆಸೋದು, ಅಷ್ಟೇ ಸಾಕು. ಹಾಸಿದ ಹೊಸದರಲ್ಲಿ ಇನ್ನೊಂದು ವಿಷಯ ಏನಪ್ಪಾ ಅಂದ್ರೆ..."

ಯಾರಿಗೆ ಹೇಳುವುದು? ಮಾದರಿ ಕಲ್ಲುಗಳನ್ನು ಮಗುವಿನ ಹಾಗೆ ಎದೆಗವಚಿಕೊಂಡು ಅವಳು ಆಗಲೇ ರಸ್ತೆಯ ತಿರುವಿನಲ್ಲಿದ್ದಳು.

ಮನೆಯಲ್ಲಿ ಕಲ್ಲುಗಳನ್ನು ನೆಲದ ಮೇಲೆ ಇಟ್ಟಳೋ ಇಲ್ಲವೋ, ಅತ್ತೆ ಹೌಹಾರಿ ಬಂದಳು. "ಕೆಳಗೆ ಪೇಪರ್ ಹಾಕೇ! ನೆಲಕ್ಕೆ ಗೀರು ಬೀಳುತ್ತೆ!"

ಈ ಅತ್ತೆ ಅಪ್ಪನ ಅಕ್ಕ, ಕವರ್ ಅತ್ತೆ ಎಂದರೆ ಬೀದಿಗೆಲ್ಲ ಗೊತ್ತು. ಟಿವಿ ರಿಮೋಟಿಗೆ ಪ್ಲಾಸ್ಟಿಕ್ ಕವರು, ಸೋಫಾಕ್ಕೆ ಕವರು, ಆ ಕವರು ಕೊಳೆಯಾಗದಿರಲು ಅದರ ಮೇಲೊಂದು ಬೆಡ್‌ಶೀಟು. ಫ್ರಿಜ್ಜಿನ ಹಿಡಿಗೆ ಅಮ್ಮ ಹೊಲಿದುಕೊಟ್ಟ ಅಂಗಿಯಿದೆ. ಅಮ್ಮ ದರ್ಜಿ, ಮುಂದಿನ ಕೋಣೆಯಲ್ಲೇ ಅವಳ ಹೊಲಿಗೆ ಯಂತ್ರ. ಆ ಯಂತ್ರಕ್ಕೂ ಅತ್ತೆ ಟೋಪಿ ತೊಡಿಸಿದ್ದಾಳೆ. "ಈ ಮನೆಯಲ್ಲಿ ಬಟ್ಟೆ ಇಲ್ಲದೆ ಇರೋದು ಸೀಲಿಂಗ್ ಫ್ಯಾನ್ ಒಂದೇ," ಎನ್ನುತ್ತಾನೆ ಅಪ್ಪ.

"ಅಪ್ಪಾ, ಕಾಲಿಡು."

ಅಪ್ಪ ಬರಿಗಾಲಲ್ಲಿ ಒಂದೊಂದೇ ಕಲ್ಲು ಹತ್ತಿ ನಿಂತ. ಪಾಲಿಶ್ ಕಲ್ಲಿಗೆ ಮುಖ ಹಿಂಡಿದ. "ಸವೆದ ಟೈರು. ಮಳೆ ಬಂದ್ರೆ ಸೀದಾ ಚರಂಡಿಗೆ." ಕೆನೆ ಕಲ್ಲಿನ ಮೇಲೆ ನಿಂತು ಪಾದ ಉಜ್ಜಿದ. ಆಮೇಲೆ ತಲೆ ಬಗ್ಗಿಸಿ, ಹೆಬ್ಬೆರಳನ್ನು ಮುಂದೆ ಸರಿಸುತ್ತಾ ಹೋಗಿ, ಕಲ್ಲಿನ ಅಂಚಿಗೆ ಸರಿಯಾಗಿ ತಂದು ನಿಲ್ಲಿಸಿದ. "ಇಲ್ಲಿಗೆ ಮುಗೀತು. ಅಲ್ವಾ?"

ಗಡಿಬಿಡಿ ಓಡಿಹೋಗಿ ಅಮ್ಮನ ಹೊಲಿಗೆ ಡಬ್ಬಿಯಿಂದ ಕಪ್ಪು ಬಟ್ಟೆಯ ಪಟ್ಟಿ ತಂದು ಕಲ್ಲಿನ ಅಂಚಿಗೆ ಹಾಸಿದಳು. "ಈಗ?"

"ಈಗ ಇನ್ನೂ ಚೆನ್ನಾಗಿದೆ. ಈ ಕರೀದು ಸ್ಟಾಪು." ಅಪ್ಪ ಕೆಳಗಿಳಿದ, ಪಟ್ಟಿ ದಾಟಿ, ಎಡವದೆ. "ಹಾಕ್ಸು, ನೋಡೋಣ."

ಆ "ನೋಡೋಣ" ಕೇಳಿ ಒಳಗೆ ಹೊಲಿಯುತ್ತಿದ್ದ ಅಮ್ಮನ ಯಂತ್ರ ಒಂದು ಕ್ಷಣ ನಿಂತು ಮತ್ತೆ ಓಡಿತು.

ಹಾಸಲು ಬಂದ ಮೇಸ್ತ್ರಿ ಬಾಯಿಬಡುಕ. "ಬಿಳಿ ಕಲ್ಲು ಅಂದ್ರೆ ಎಳೇ ಮಗೂಗೆ ಬಿಳಿ ಅಂಗಿ ಹಾಕಿದ ಹಾಗೆ ಕಣಮ್ಮಾ. ಕರೀದು ಹಾಕ್ಸಿ, ಹತ್ತು ವರ್ಷ ಗುಡಿಸೋದೇ ಬೇಡ," ಎಂದ. ಅಪ್ಪ ಕುರ್ಚಿಯಿಂದಲೇ, "ಕರೀದರ ಮೇಲೆ ನಾನು ಮತ್ತೆ ಬಿದ್ರೆ ನೀವು ಬಂದು ಗುಡಿಸ್ತೀರಾ?" ಎಂದ ಮೇಲೆ ಅವನು ಬಾಯಿಗೆ ಬೀಗ ಹಾಕಿಕೊಂಡು ಕೆಲಸ ನೋಡಿದ. ಕೆಲಸದಲ್ಲಿ ಮಾತ್ರ ಎರಡು ಮಾತಿಲ್ಲ. ಹಳೆಯ ನೆಲ ಕಿತ್ತು, ನೀರು ಹರಿಯಲು ಸಣ್ಣಗೆ ಇಳಿಜಾರು ಕೊಟ್ಟು, ಒಂದೊಂದು ಚಪ್ಪಡಿಯ ಬೆನ್ನಿಗೂ ಬಿಳಿ ಸಿಮೆಂಟು ಬಳಿದು ಕೂರಿಸಿದ. ಬಾಗಿಲ ಮೆಟ್ಟಿಲಿನ ಅಂಚಿಗೆ ಕಪ್ಪು ಕಲ್ಲಿನ ಒಂದು ಪಟ್ಟಿ. ಎದುರಿನ ಗೋಡೆಯ ಬುಡದಲ್ಲಿ, ಬಟ್ಟೆ ಒಣಗಿಸುವ ತಂತಿಯ ಕೆಳಗೆ, ಇನ್ನೊಂದು.

ಕೊನೆಯ ಚಪ್ಪಡಿ ಕೂತ ಸಂಜೆ ಅಂಗಳ ಹೊಸದಾಗಿ ಒಗೆದ ಬಟ್ಟೆಯ ಹಾಗೆ ಹರಡಿಕೊಂಡಿತ್ತು. ಮೇಸ್ತ್ರಿ, "ಒಂದು ವಾರ ಯಾರೂ ತುಳೀಬೇಡಿ," ಎಂದು ಹೋದ. ಅವನು ಗೇಟು ದಾಟಿದ್ದೇ ತಡ, ಒಂದು ಪಾರಿವಾಳ ಬಂದು ಗೋಡೆಯ ಮೇಲೆ ಕೂತಿತು. ಅತ್ತೆ ಅದರ ಮುಖ ನೋಡಿದಳು, ಆಮೇಲೆ ಅದರ ಹಿಂಭಾಗ ನೋಡಿದಳು. ಮರುಕ್ಷಣ ಮನೆಯ ಬೀರುಗಳೆಲ್ಲ ಬಾಯಿ ತೆರೆದವು.

ಹಳೆಯ ಬೆಡ್‌ಶೀಟು, ಫ್ರಿಜ್ ಬಂದಿದ್ದ ರಟ್ಟಿನ ಡಬ್ಬ, ಬಟ್ಟೆಯಂಗಡಿಯ ಪ್ಲಾಸ್ಟಿಕ್ ಹಾಳೆ, ಮಂಚದ ಕೆಳಗೆ ಮಡಿಸಿಟ್ಟಿದ್ದ ಇನ್ನೂ ನಾಲ್ಕಾರು ರಟ್ಟು. "ಬಿಳಿ ಕಲ್ಲು ಕಣೇ! ಒಂದು ಹಕ್ಕಿ ಸಾಕು!" ಗಡಿಬಿಡಿಯೂ ಅಷ್ಟೇ ಉತ್ಸಾಹದಿಂದ ಕೈಜೋಡಿಸಿದಳು. ಕಲ್ಲು ತುಳಿಯದಂತೆ ಹಲಗೆಯ ಮೇಲೆ ನಿಂತು ರಟ್ಟು ಹಾಸಿ, ಅದರ ಮೇಲೆ ಪ್ಲಾಸ್ಟಿಕ್ಕು, ಗಾಳಿಗೆ ಹಾರದಂತೆ ಮೇಲೆ ಇಟ್ಟಿಗೆ. ಮೂಲೆಯ ನಲ್ಲಿಯ ಹತ್ತಿರ ಬರುವಷ್ಟರಲ್ಲಿ ಸರಕು ಮುಗಿಯಿತು. "ಅಲ್ಲಿ ಬಿಡು, ಅಲ್ಲಿ ಹೇಗೂ ನೀರು ಬೀಳುತ್ತೆ," ಎಂದಳು ಅತ್ತೆ, ಬಹಳ ಬೇಜಾರಿನಿಂದ.

ವಾರ ಕಳೆಯಿತು. ಬೆಳಿಗ್ಗೆ ಎಲ್ಲರೂ ಹಿಂದಿನ ಬಾಗಿಲಲ್ಲಿ ಸೇರಿದರು. ಅಪ್ಪ ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಡ್ಯೂಟಿಗೆ ಹೊರಟ ಹಾಗೆ. ಅತ್ತೆ ಮತ್ತು ಗಡಿಬಿಡಿ ಇಟ್ಟಿಗೆ ಸರಿಸಿ, ಪ್ಲಾಸ್ಟಿಕ್ ಎತ್ತಿ, ರಟ್ಟು ಎಳೆದರು.

ಎಳೆದ ರಟ್ಟು ಅತ್ತೆಯ ಕೈಯಿಂದ ಜಾರಿ ಬಿತ್ತು.

ಕೆನೆ ಬಣ್ಣದ ಅಂಗಳದ ತುಂಬ ಕಪ್ಪು ಮಚ್ಚೆ. ಒಂದು ಕಡೆ ದೊಡ್ಡದು, ಇನ್ನೊಂದು ಕಡೆ ಮಾಸಲು, ಒಂದರ ಮೇಲೊಂದು ಬಿದ್ದಲ್ಲಿ ಇನ್ನಷ್ಟು ಗಾಢ. ಹಸುವಿನ ಮೈ ನೋಡಿದ ಹಾಗಿತ್ತು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು. ಅಮ್ಮ ಗಡಿಬಿಡಿಯ ಭುಜ ಹಿಡಿದುಕೊಂಡಳು, ಸದ್ಯ ಏನೂ ಹೇಳಬೇಡ ಎಂಬಂತೆ.

ಅಪ್ಪನಿಗೆ ಯಾರೂ ಹೇಳಿರಲಿಲ್ಲ. ಅವನು ಕಪ್ಪು ಪಟ್ಟಿಯನ್ನು ಸರಿಯಾಗಿ ಗುರುತು ಹಿಡಿದು ಮೆಟ್ಟಿಲಿಳಿದ. ಎರಡು ಹೆಜ್ಜೆ ಹಾಕಿದ. ಮೂರನೆಯದಕ್ಕೆ ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು.

"ಇಲ್ಲಿ ಗುಂಡಿ ಇದೆ."

"ಇಲ್ಲಪ್ಪಾ, ಅದು ಬರೀ ಕಲೆ..."

"ಇದೆ. ಆ ಕಡೆನೂ ಇದೆ." ಅಪ್ಪ ಕಾಲು ಹಿಂದಕ್ಕೆ ತೆಗೆದುಕೊಂಡ. ಗೋಡೆ ತಡಕಿ, ಮೆಟ್ಟಿಲು ಹತ್ತಿ, ಕುರ್ಚಿಗೆ ಹೋಗಿ ಕೂತ. ಸ್ವಲ್ಪ ಹೊತ್ತಿನ ಮೇಲೆ, "ಇರ್ಲಿ ಬಿಡು ಮಗಳೇ, ನೀನು ಮಾಡೋದು ಮಾಡಿದೆ," ಎಂದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಉಳಿದವರಿಗೆ ಅದು ಕಲೆ, ಅಪ್ಪನಿಗೆ ಹಳ್ಳ. ಹಳ್ಳ ತುಂಬಿದ ಅಂಗಳವನ್ನು ಕೈಯಾರೆ ಮಾಡಿಸಿಕೊಟ್ಟ ಹಾಗಾಯಿತು. ಗಡಿಬಿಡಿ ಮೇಸ್ತ್ರಿಗೆ ಫೋನ್ ಮಾಡಿದಳು.

"ಓ, ಅಷ್ಟೇನಾ? ಆ್ಯಸಿಡ್ ಹಾಕಿ ಉಜ್ಜಮ್ಮಾ. ಸಿಮೆಂಟ್ ಕಲೆ ಇರುತ್ತೆ. ಹೋದ ತಿಂಗಳು ಒಂದು ಮನೇಲಿ ಹಾಗೇ ಮಾಡಿದ್ವಿ, ಥಳಥಳ ಅಂತು."

"ಅದೂ ಇದೇ ಕಲ್ಲಾ?"

"ಕಲ್ಲು ಕಲ್ಲೇ ಅಲ್ವೇನಮ್ಮಾ!"

ಬಚ್ಚಲು ತೊಳೆಯುವ ಆ್ಯಸಿಡ್ ಬಾಟಲಿ ಮನೆಯಲ್ಲೇ ಇತ್ತು, ಅತ್ತೆ ಅದಕ್ಕೂ ಒಂದು ಚೀಲ ತೊಡಿಸಿದ್ದಳು. ಗಡಿಬಿಡಿ ಚೀಲ ಕಿತ್ತೆಸೆದು, ಮುಚ್ಚಳ ತಿರುಗಿಸುತ್ತಲೇ ಅಂಗಳಕ್ಕೆ ನುಗ್ಗಿದಳು. ದೊಡ್ಡ ಮಚ್ಚೆಯ ಮೇಲೆ ಬಾಟಲಿ ಬಗ್ಗಿಸಬೇಕು, ಅಷ್ಟರಲ್ಲಿ ಅಮ್ಮ ಹಿಂದಿನಿಂದ ಜಡೆ ಹಿಡಿದಳು. ತಮಾಷೆಗಲ್ಲ, ನಿಜವಾಗಿಯೂ ಜಡೆ ಹಿಡಿದು ಎಳೆದಳು.

"ಹೊಸ ಬಟ್ಟೆಗೆ ಇಸ್ತ್ರಿ ಇಡೋ ಮುಂಚೆ ನಾನೇನು ಮಾಡ್ತೀನಿ?"

"ಅಮ್ಮಾ, ಬಿಡು, ನೋಯುತ್ತೆ!"

"ಏನು ಮಾಡ್ತೀನಿ ಹೇಳು."

"ಚಿಂದಿ ಮೇಲೆ ಇಟ್ಟು ನೋಡ್ತೀಯ."

"ಹಾಂ. ಕಲ್ಲಿನ ಚಿಂದಿ ಎಲ್ಲಿದೆ?"

ಮೇಸ್ತ್ರಿ ಕತ್ತರಿಸಿ ಉಳಿದ ತುಂಡುಗಳು ನಲ್ಲಿಯ ಪಕ್ಕ ಗುಡ್ಡೆಯಾಗಿ ಬಿದ್ದಿದ್ದವು. ಗಡಿಬಿಡಿ ಒಂದನ್ನು ಎತ್ತಿಟ್ಟು ಅದರ ಮೇಲೆ ನಾಲ್ಕು ಹನಿ ಬಿಟ್ಟಳು. ಕಲ್ಲು ಸೋಡಾ ಬಾಟಲಿಯ ಹಾಗೆ ಬುಸುಗುಟ್ಟಿತು. ಬಿಳಿ ನೊರೆ ಎದ್ದು, ಕುದಿದು, ಅಡಗಿತು. ನೀರು ಹಾಕಿ ತೊಳೆದು ಬೆರಳಾಡಿಸಿದರೆ, ಅಲ್ಲಿ ಇಲಿ ಕಡಿದ ಹಾಗೆ ತೂತುತೂತು.

ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಆ ಬಾಟಲಿ ಇಡೀ ಅಂಗಳದ ಮೇಲೆ ಬಿದ್ದಿದ್ದರೆ?

"ನನ್ನ ಜಡೆ ಇನ್ನೊಂದು ಸಲ ಎಳೀಬೇಕಾದ್ರೆ ಎಳಿ," ಎಂದಳು ಗಡಿಬಿಡಿ, ಸಣ್ಣ ದನಿಯಲ್ಲಿ.

ಅಮ್ಮ ಬಾಟಲಿಗೆ ಬಿಗಿಯಾಗಿ ಮುಚ್ಚಳ ಹಾಕಿ ತೆಗೆದುಕೊಂಡು ಹೋದಳು. ಗಡಿಬಿಡಿ ನಲ್ಲಿಯ ಹತ್ತಿರವೇ ಕುಕ್ಕರುಗಾಲಲ್ಲಿ ಕೂತಳು. ಏನೂ ಮಾಡಲು ತೋಚದೆ ಅವಳು ಹೀಗೆ ಸುಮ್ಮನೆ ಕೂತದ್ದು ಎಷ್ಟು ವರ್ಷದ ಮೇಲೋ. ಕೈಯಲ್ಲಿ ಕಲ್ಲಿನ ತುಂಡು. ಆ್ಯಸಿಡ್ ಬಿದ್ದ ಜಾಗ ಬಿಟ್ಟರೆ ಅದು ಅಂಗಡಿಯಲ್ಲಿದ್ದ ಹಾಗೇ, ಕೆನೆಯ ಹಾಗೇ ಇತ್ತು. ಅದೂ ಇದೇ ಕಲ್ಲು ತಾನೇ? ಸುತ್ತ ನೋಡಿದಳು. ನಲ್ಲಿಯ ಸುತ್ತಲಿನ ಚಪ್ಪಡಿಗಳೂ ಕೆನೆಯ ಹಾಗೇ ಇದ್ದವು. ಅವನ್ನೂ ಅದೇ ಮೇಸ್ತ್ರಿ, ಅದೇ ಸಿಮೆಂಟಿನ ಮೇಲೆ, ಅದೇ ದಿನ ಕೂರಿಸಿದ್ದ. ದಿನಾ ನೀರು ಬೀಳುವ ಕಲ್ಲು ಒಣಗಿ ಬೆಳ್ಳಗಿದೆ, ಬೆಚ್ಚಗೆ ಹೊದಿಸಿ ಮಲಗಿಸಿದ ಕಲ್ಲು ಕಪ್ಪಾಗಿದೆ!

ಆಗ ಅವಳ ಕಣ್ಣಿಗೆ ಬಿತ್ತು. ಮಚ್ಚೆಗಳಿಗೆ ಮೂಲೆಗಳಿದ್ದವು. ತಾನಾಗಿ ಆದ ಕಲೆಗೆ ಮೂಲೆ ಎಲ್ಲಿಂದ ಬರಬೇಕು? ಒಂದು ಬದಿಯಂತೂ ಅಮ್ಮನ ಕತ್ತರಿಯಲ್ಲಿ ಕತ್ತರಿಸಿದಷ್ಟು ನೇರ.

ಓಡಿಹೋಗಿ ಫ್ರಿಜ್ಜಿನ ರಟ್ಟು ಎಳೆದುಕೊಂಡು ಬಂದಳು. ಮಚ್ಚೆಯ ಮೇಲೆ ಹಾಸಿದಳು. ಸರಿಹೋಗಲಿಲ್ಲ. ತಿರುಗಿಸಿ ಹಾಸಿದಳು. ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಕೂತಿತು, ಹರಿದ ಕಿವಿಯ ಸಮೇತ.

"ಅತ್ತೇ! ಅಮ್ಮಾ! ಎಲ್ರೂ ಬನ್ನಿ! ಇದು ಕಲೆ ಅಲ್ಲ, ಬೆವರು!"

ಹಾಸಿದ ಹೊಸದರಲ್ಲಿ ಕೆಳಗಿನ ಸಿಮೆಂಟಿನ ತೇವ ಕಲ್ಲಿನ ಮೂಲಕ ಮೇಲೆ ಬರುತ್ತದೆ. ಬಂದದ್ದು ಗಾಳಿಗೆ ಹೋಗಬೇಕು. ಇವರು ಅದರ ಬಾಯಿಗೆ ರಟ್ಟು, ಮೂಗಿಗೆ ಪ್ಲಾಸ್ಟಿಕ್ಕು ಒತ್ತಿ ಮೇಲೆ ಇಟ್ಟಿಗೆ ಹೇರಿದ್ದರು. ಖಾತ್ರಿ ಮಾಡಿಕೊಳ್ಳಲು ಅಂಗಡಿಯವನಿಗೆ ಫೋನ್ ಹಚ್ಚಿದಳು.

"ಮುಚ್ಚಿದ್ರಾ? ರಾಮರಾಮಾ! ಅವತ್ತೇ ಹೇಳೋಕೆ ಬಂದೆ, ನೀನು ಗಾಡಿ ತಪ್ಪಿಹೋಗುತ್ತೆ ಅನ್ನೋರ ಹಾಗೆ ಓಡಿದೆ. ಏನೂ ಹಾಕಬೇಡ, ಏನೂ ಬಳೀಬೇಡ, ಹಾಗೇ ಗಾಳಿಗೆ ಬಿಡು. ತಾನಾಗೇ ಹೋಗುತ್ತೆ. ಆ್ಯಸಿಡ್ ಗೀಸಿಡ್ ಏನಾದ್ರೂ ಹಾಕಿದ್ಯಾ?"

"ಚಿಂದಿಗೆ ಹಾಕಿದ್ವಿ."

"ಏನಕ್ಕೆ?"

"ಇರ್ಲಿ ಬಿಡಿ ಅಣ್ಣಾ, ಥ್ಯಾಂಕ್ಸ್!"

ಹೋದ ಜೀವ ಬಂದ ಹಾಗಾಯಿತು. ಗಡಿಬಿಡಿ ಅಮ್ಮನನ್ನು ಎತ್ತಿ ತಿರುಗಿಸಲು ಹೋಗಿ ಇಬ್ಬರೂ ರಟ್ಟಿನ ಮೇಲೆ ಕುಕ್ಕರಿಸಿದರು. ಆದರೆ ಅತ್ತೆ ಬಾಗಿಲಲ್ಲೇ ಕಲ್ಲಾಗಿ ನಿಂತಿದ್ದಳು.

"ಹಾಗಾದ್ರೆ ನಾನೇನಾ ಮಾಡಿದ್ದು?" ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅವನು ಅಷ್ಟು ಆಸೆಯಿಂದ ಬಂದ. ಅವನ ದಾರೀಲಿ ನಾನೇ ಗುಂಡಿ ತೋಡಿದ್ನಾ?"

"ನಾನೂ ಸೇರಿ ತೋಡಿದೀನಿ ಅತ್ತೆ. ಇಟ್ಟಿಗೆ ಹೊತ್ತಿದ್ದು ನಾನು."

ಒಳಗಿನಿಂದ ಅಪ್ಪ ಕೂಗಿದ. "ಅಕ್ಕಾ, ಅಳಬೇಡ್ವೇ! ಚಿಕ್ಕೋನಿದ್ದಾಗ ಬಿಸಿಲಲ್ಲೂ ನನಗೆ ಕುಲಾವಿ ಹಾಕಿ, ಅದರ ಮೇಲೆ ಟವೆಲ್ ಸುತ್ತಿ, ಶಾಲ್ ಹೊದಿಸ್ತಿದ್ದೆ. ನಾನೇ ಬದುಕಿದೀನಿ, ಕಲ್ಲಿಗೇನು ದಾಡಿ?"

ಅತ್ತೆ ಅಳುತ್ತಲೇ ನಕ್ಕಳು. ಮೂಗೊರೆಸಿಕೊಂಡು, ಅಷ್ಟೂ ರಟ್ಟು ಒಟ್ಟುಮಾಡಿ ಹಳೇ ಸಾಮಾನಿನವನಿಗೆ ಕೊಟ್ಟುಬಂದಳು. ಪ್ಲಾಸ್ಟಿಕ್ ಹಾಳೆಯನ್ನು ಮಾತ್ರ ಮಡಿಸಿ ಎತ್ತಿಟ್ಟಳು. ಅದಕ್ಕಿಂತ ಹೆಚ್ಚು ಅವಳ ಕೈಯಲ್ಲಿ ಆಗಲಿಲ್ಲ.

ಆದರೆ ಕಾಯುವುದೆಂದರೆ ಗಡಿಬಿಡಿಗೆ ಬೆಂಕಿಯ ಮೇಲೆ ಕೂತ ಹಾಗೆ. ಮೊದಲ ದಿನವೇ ಟೇಬಲ್ ಫ್ಯಾನನ್ನು ಅಂಗಳಕ್ಕೆ ಎಳೆದು ತಂದು ಮಚ್ಚೆಯ ಮುಂದಿಟ್ಟಳು. ಅಂಗೈಯಗಲ ಬೆಳ್ಳಗಾಯಿತು. ಕುಣಿದಳು. ಬೆಳಿಗ್ಗೆ ಎದ್ದು ನೋಡಿದರೆ ಮತ್ತೆ ಕಪ್ಪು.

"ಬಸ್ಸಲ್ಲಿ ನಾನು ಎಷ್ಟು ಹಾರ್ನ್ ಹೊಡೆದ್ರೂ ಸಿಗ್ನಲ್ ತನಗೆ ಬೇಕಾದಾಗಲೇ ಬಿಡ್ತಿತ್ತು," ಎಂದ ಅಪ್ಪ. "ಫ್ಯಾನ್ ಒಳಗೆ ತಾ. ನನಗೆ ಸೆಕೆ."

ಆಮೇಲೆ ಅವಳೊಂದು ಉಪಾಯ ಕಂಡುಕೊಂಡಳು. ಅಮ್ಮ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತಂದು ಪ್ರತಿ ಬೆಳಿಗ್ಗೆ ಮಚ್ಚೆಯ ಅಂಚಿಗೆ ಗೆರೆ ಎಳೆದಳು. ಮರುದಿನ ಮಚ್ಚೆ ಗೆರೆಯಿಂದ ಒಂದು ಬೆರಳು ಒಳಕ್ಕೆ ಸರಿದಿರುತ್ತಿತ್ತು. ಮತ್ತೊಂದು ಗೆರೆ. ಬೇಸಿಗೆಯ ಕೆರೆ ಬತ್ತಿದ ಹಾಗೆ ಒಂದರೊಳಗೊಂದು ಗೆರೆ ಬಿದ್ದವು. ನಡುವೆ ಮೋಡ ಕವಿದು ಮಚ್ಚೆ ಇದ್ದಲ್ಲೇ ಕೂತಾಗ ಅವಳಿಗೆ ಅನ್ನ ಸೇರಲಿಲ್ಲ. ಬಿಸಿಲು ಬಂತು, ಹಸಿವೂ ಬಂತು. ಅತ್ತೆ ದಿನಾ ಪಾರಿವಾಳ ಓಡಿಸಲು ಬಾಗಿಲಲ್ಲಿ ಪೊರಕೆ ಹಿಡಿದು ಕಾವಲು ಕೂತಳು. ಒಂದು ಸಲ ಅದು ತಪ್ಪಿಸಿಕೊಂಡು ಬಂದು ಮಾಡುವ ಕೆಲಸ ಮಾಡಿಯೇ ಹೋಯಿತು. ಅತ್ತೆ ಎದೆ ಹಿಡಿದುಕೊಂಡಳು. ಅಮ್ಮ ಬಂದು ಸೋಪಿನ ನೀರಲ್ಲಿ ಒರೆಸಿದಳು; ಹೋಯಿತು. "ಇಷ್ಟೇನಾ!" ಎಂದು ಅತ್ತೆ ಇನ್ನೊಮ್ಮೆ ಹೋಗಿ ಒರೆಸಿದಳು, ನಂಬಿಕೆ ಬರಲೆಂದು.

ಕೊನೆಯ ಮಚ್ಚೆ ಮೆಟ್ಟಿಲ ಬುಡದ್ದು, ರಟ್ಟಿನ ಮೇಲೆ ರಟ್ಟು ಬಿದ್ದಿದ್ದ ಕಡೆ. ಅದೂ ನಾಣ್ಯದಷ್ಟಾಗಿ, ಗುಂಡಿಯಷ್ಟಾಗಿ, ಒಂದು ದಿನ ಬೆಳಿಗ್ಗೆ ಗೆರೆ ಎಳೆಯಲು ಏನೂ ಉಳಿಯಲಿಲ್ಲ. ಗಡಿಬಿಡಿ ಸೀಮೆಸುಣ್ಣ ಹಿಡಿದು ಆ ಜಾಗ ಹುಡುಕಿದಳು, ಸಿಗಲಿಲ್ಲ. ಹೊಟ್ಟೆಗೆ ಹಾಲೆರೆದಷ್ಟು ತಂಪಾಯಿತು. ಆದರೂ ಸೀಲರ್ ಡಬ್ಬಿಯನ್ನು ತಕ್ಷಣ ಒಡೆಯಲಿಲ್ಲ. ಇನ್ನೂ ಕೆಲವು ದಿನ ಬಿಟ್ಟು, ನೆರಳಿನ ಹೊತ್ತು ನೋಡಿ, ಅಮ್ಮನೂ ಅವಳೂ ಮೆತ್ತನೆ ಬಟ್ಟೆಯಲ್ಲಿ ತೆಳ್ಳಗೆ ಬಳಿದರು. ಅದು ಒಣಗಿದ ಮೇಲೆ ನೀರಿನ ಹನಿ ಬಿಟ್ಟರೆ ಕಲ್ಲು ಕುಡಿಯದೆ ಮಣಿಯ ಹಾಗೆ ಮೇಲೆಯೇ ಕೂರಿಸಿಕೊಂಡಿತು.

"ಭಾನುವಾರ ಅಪ್ಪ ನಡೀತಾನೆ!" ಎಂದು ಸಾರಿದಳು ಗಡಿಬಿಡಿ. ಅತ್ತೆ ಪಕ್ಕದ ಮನೆಯವರಿಗೂ ಹೇಳಿಬಂದಳು.

"ನಾನೇನು ಸರ್ಕಸ್ಸಾ?" ಅಪ್ಪ ಸಿಡುಕಿದ. "ಟಿಕೆಟ್ ಇಟ್ಟಿದೀರಾ ಹೇಗೆ? ನಾನು ಎಲ್ಲೂ ಬರಲ್ಲ."

ಭಾನುವಾರ ಬಂತು, ಹೋಯಿತು. ಅಪ್ಪ ಕುರ್ಚಿ ಬಿಡಲಿಲ್ಲ. ಕರೆದರೆ, "ಆಮೇಲೆ." ಒತ್ತಾಯಿಸಿದರೆ, "ಕಾಲು ಹಿಡ್ಕೊಂಡಿದೆ." ಗಡಿಬಿಡಿಗೆ ಅರ್ಥವಾಯಿತು. ಎಲ್ಲರ ಎದುರು ಎತ್ತಿದ ಕಾಲು ಗಾಳಿಯಲ್ಲಿ ನಿಂತುಹೋದ ಆ ಬೆಳಿಗ್ಗೆ ಅವನಿಗಿನ್ನೂ ಒಣಗಿರಲಿಲ್ಲ. ಕಲ್ಲಿನ ತೇವಕ್ಕಾದರೆ ಗೆರೆ ಎಳೆದು ನೋಡಬಹುದು, ಇದಕ್ಕೆ ಏನು ಎಳೆಯುವುದು? "ಇನ್ಮೇಲೆ ಯಾರೂ ಅಪ್ಪನಿಗೆ ಅಂಗಳದ ಸುದ್ದಿ ಎತ್ತಬಾರದು," ಎಂದು ಅಮ್ಮನಿಗೂ ಅತ್ತೆಗೂ ಹೇಳಿದಳು. ಎಲ್ಲರಿಗಿಂತ ಕಷ್ಟವಾದದ್ದು ಅವಳಿಗೇ.

ಪರೀಕ್ಷೆ ಶುರುವಾಯಿತು. ಒಂದು ಮಧ್ಯಾಹ್ನ ಪರೀಕ್ಷೆ ಮುಗಿಸಿ ಮನೆಗೆ ಬಂದವಳು ಬ್ಯಾಗು ಎಸೆದು ಒಳಗೆ ಹೋದಳು. ಮುಂದಿನ ಕೋಣೆಯಲ್ಲಿ ಅಮ್ಮನ ಯಂತ್ರ ಓಡುತ್ತಿತ್ತು. ಅತ್ತೆ ಸೋಫಾದ ಮೇಲೆ ನಿದ್ದೆ ಹೋಗಿದ್ದಳು. ಅಪ್ಪನ ಕುರ್ಚಿ ಖಾಲಿ.

"ಅಮ್ಮಾ, ಅಪ್ಪ ಎಲ್ಲಿ?"

"ಅಲ್ಲೇ ಇದ್ರಲ್ಲ."

ಇರಲಿಲ್ಲ. ಕೋಣೆಯಲ್ಲೂ ಇಲ್ಲ, ಬಚ್ಚಲಲ್ಲೂ ಇಲ್ಲ. ಹಿಂದಿನ ಬಾಗಿಲು ಅರ್ಧ ತೆರೆದಿತ್ತು.

ಅಪ್ಪ ಅಂಗಳದ ಆ ತುದಿಯಲ್ಲಿದ್ದ. ಬೆನ್ನು ಈ ಕಡೆ. ತಂತಿಯ ಮೇಲಿನ ಬಟ್ಟೆಗಳನ್ನು ಒಂದೊಂದಾಗಿ ಮುಟ್ಟಿ, ಒಣಗಿವೆಯೋ ಇಲ್ಲವೋ ನೋಡಿ, ಒಣಗಿದ್ದನ್ನು ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದ. ಏನೋ ಗುನುಗುತ್ತಿದ್ದ ಕೂಡ. ಗಡಿಬಿಡಿಯ ಬಾಯಿಗೆ "ಅಪ್ಪಾ" ಬಂದಿತ್ತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಅಪ್ಪ ತಿರುಗಿದ. ಬಿಸಿಲಿನಲ್ಲಿ ಅಂಗಳ ಒಂದೇ ಸಮ ಬೆಳ್ಳಗಿತ್ತು. ಅವನು ನಡೆದು ಬಂದ. ತಡಕಲಿಲ್ಲ, ನಿಲ್ಲಲಿಲ್ಲ. ಮೆಟ್ಟಿಲಿನ ಕಪ್ಪು ಪಟ್ಟಿಯ ಎದುರು ಮಾತ್ರ ಒಂದು ಕ್ಷಣ ನಿಧಾನಿಸಿ, ಕಾಲೆತ್ತಿ, ಮೇಲೆ ಬಂದ.

"ಯಾರದು, ಬಾಗಿಲಿಗೆ ಅಡ್ಡ?"

"ನಾನೇ."

"ಯಾವಾಗ ಬಂದೆ?"

"ಈಗಷ್ಟೇ."

"ಮೋಡ ಆದ ಹಾಗೆ ಅನ್ನಿಸ್ತು, ಬಟ್ಟೆ ತರೋಣ ಅಂತ ಹೋದೆ. ಮೋಡ ಇಲ್ಲ." ಅಪ್ಪ ಬಟ್ಟೆಗಳನ್ನು ಕುರ್ಚಿಯ ಮೇಲೆ ಹಾಕಿದ. "ಪರೀಕ್ಷೆ ಹೇಗಾಯ್ತು?"

"ಒಂದು ಪ್ರಶ್ನೆ ಬಿಟ್ಟೆ."

"ಒಂದೇ ತಾನೇ? ಪರವಾಗಿಲ್ಲ." ಬಟ್ಟೆಗಳನ್ನು ಕೈಯಲ್ಲಿ ಎಣಿಸುವವನಂತೆ ಮುಟ್ಟಿ ನೋಡಿ ನಾಲಿಗೆ ಕಚ್ಚಿಕೊಂಡ. "ಥೂ, ನಿಮ್ಮತ್ತೆ ಟವೆಲ್ ಅಲ್ಲೇ ಬಿಟ್ಟೆ."

"ನಾನು ತರ್ತೀನಿ ತಾಳು," ಎಂದು ಗಡಿಬಿಡಿ ಆಗಲೇ ಒಂದು ಕಾಲು ಹೊರಗಿಟ್ಟಿದ್ದಳು.

"ಕೂತ್ಕೊಳ್ಳೇ. ಈಗ ತಾನೇ ಬಂದಿದೀಯ," ಎಂದು ಅಪ್ಪ ಅವಳನ್ನು ಪಕ್ಕಕ್ಕೆ ಸರಿಸಿ, ಮೆಟ್ಟಿಲಿಳಿದು ಹೋದ.

ಅವಳು ಕೂತಳು.